‘ಒಂದು ಕಾಫಿ ಕೊಡಿ’ ಅಂದರೆ ಒರಟೇ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ಇಂಗ್ಲೆಂಡಿನಲ್ಲಿ ಮಗನ ಜೊತೆ ಕಾಫಿ ಅಂಗಡಿಗೆ ಹೋಗಿದ್ದೆ. ಗಿವ್ ಮಿ ಒನ್ ಕಾಫಿ ಅಂದೆ. ಮಗನ ಮುಖ ಸಣ್ಣದಾಯಿತು. ಕುಡ್ ಐ ಹ್ಯಾವ್ ಅನ್ನಬೇಕಮ್ಮಾ ಅಂದ. ಪ್ಲೀಸ್‌ಗೆ ನಮ್ಮಲ್ಲಿ ದಿನಬಳಕೆಯ ಪದವೇ ಇಲ್ಲವಲ್ಲ, ಕನ್ನಡದವರಿಗೆ ವಿನಯ ಕಡಿಮೆಯೇ?’

ಮಗ ಹೇಳಿದ್ದು ಸರಿ ಮೇಡಂ. ಆ ಊರಲ್ಲಿ ಹಾಗೇ ಕೇಳಬೇಕು, ಕಲಿತುಬಿಡಿ. ಆದರೆ ಕೊನೆಯ ಸಾಲು ಬರೆದಿರಲ್ಲ, ಅದಕ್ಕೆ ನಿಮ್ಮ ಮೇಲೆ ಸ್ವಲ್ಪ ಕೋಪವಿದೆ.

ಇಂಗ್ಲಿಷಿನ ‘ಗಿವ್’ಗೆ ಏಕವಚನ, ಬಹುವಚನ ಇಲ್ಲ. ಮನೆಯ ಕೂಸಿಗೂ ಗಿವ್, ನ್ಯಾಯಾಧೀಶರಿಗೂ ಗಿವ್. ಹಾಗಾಗಿ ಮರ್ಯಾದೆಯನ್ನು ಹೊರಗಿಂದ ತಂದು ಅಂಟಿಸಬೇಕು: ಪ್ಲೀಸ್, ಕುಡ್ ಯು, ವುಡ್ ಯು ಮೈಂಡ್. ಆ ಪ್ಲೀಸ್ ಕೂಡ ‘ಇಫ್ ಯು ಪ್ಲೀಸ್’, ಅಂದರೆ ನಿಮಗೆ ಇಷ್ಟವಿದ್ದರೆ ಅನ್ನುವುದರ ಮೋಟು ರೂಪ. ನಮ್ಮಲ್ಲಿ ‘ಕೊಡು’ ಹೋಗಿ ‘ಕೊಡಿ’ ಆದರೆ ಸಾಕು. ಇನ್ನೂ ಮೆತ್ತಗಾಗಬೇಕಾ? ‘ಸ್ವಲ್ಪ ಆ ಕಿಟಕಿ ಹಾಕ್ತೀರಾ’ ಅನ್ನುತ್ತೇವೆ. ಹಾಗಂದರೆ ಕಿಟಕಿಯನ್ನು ಅರ್ಧ ಮಾತ್ರ ಹಾಕಿ ಅಂತ ಯಾರಾದರೂ ತಿಳಿಯುತ್ತಾರಾ? ಆ ‘ಸ್ವಲ್ಪ’ವೇ ನಮ್ಮ ಪ್ಲೀಸ್. ‘ದಯವಿಟ್ಟು’ ಬೋರ್ಡಿಗೆ, ಮೈಕಿಗೆ. ಮನೆಯಲ್ಲಿ ಯಾರಾದರೂ ದಯವಿಟ್ಟು ಅಂದರೆ ಜಗಳ ನಡೆದಿದೆ ಅಂತಲೇ ಲೆಕ್ಕ.

ಒಮ್ಮೆ ಹೊಸಪೇಟೆಯ ರೈಲಿನಲ್ಲಿ ಬೆನ್ನಿಗೆ ದೊಡ್ಡ ಚೀಲ ಹೊತ್ತ ವಿದೇಶಿ ಹುಡುಗನೊಬ್ಬ ನನ್ನ ಪಕ್ಕದ ಖಾಲಿ ಸೀಟು ತೋರಿಸಿ ‘ವುಡ್ ಯು ಮೈಂಡ್ ಇಫ್ ಐ ಸಿಟ್ ಹಿಯರ್’ ಅಂದ. ನಾನು ಭಾರಿ ಉದಾರವಾಗಿ ‘ಎಸ್, ಎಸ್’ ಅಂದೆ. ಆತ ಸಾರಿ ಹೇಳಿ ಮುಂದಕ್ಕೆ ಹೋದ! ಕೂತರೆ ನಿಮಗೆ ಬೇಜಾರಾ ಅಂತ ಕೇಳಿದವನಿಗೆ ಹೌದು ಅಂದಿದ್ದೇನೆ ಅನ್ನೋದು ಹೊಳೆಯುವಷ್ಟರಲ್ಲಿ ರೈಲು ಎರಡು ಸ್ಟೇಷನ್ ದಾಟಿತ್ತು.

ನನ್ನ ನಿಜವಾದ ಸಿಟ್ಟು ಬೇರೆ. ಅರ್ಜಿ ಬರೆಯುವಾಗ ‘ಕೈಂಡ್ಲಿ ಡು ದ ನೀಡ್‌ಫುಲ್’ ಅಂತ ಬ್ರಿಟಿಷರ ಕಾಲದ ಕಡತದ ಮಾತನ್ನು ಇವತ್ತಿಗೂ ಹೊತ್ತುಕೊಂಡಿದ್ದೇವೆ, ಮಾಲ್‌ನಲ್ಲಿ ಬಿಲ್ ಹಾಕುವ ಹುಡುಗಿಗೆ ಉಸಿರಿಗೊಂದು ಪ್ಲೀಸ್ ಅನ್ನುತ್ತೇವೆ, ಅಲ್ಲಿಂದ ಇಳಿದು ದರ್ಶಿನಿಗೆ ಬಂದರೆ ಅದೇ ಬಾಯಿ ‘ಏಯ್, ಟೇಬಲ್ ಒರೆಸೋ’ ಅನ್ನುತ್ತದೆ. ಒರೆಸುವವರಿಗೆ ನಮ್ಮಪ್ಪನ ವಯಸ್ಸಾಗಿದ್ದರೂ ಅಷ್ಟೇ. ‘ಒರೆಸಿ’ ಅನ್ನೋಕೆ ಇಂಗ್ಲಿಷ್ ಬೇಕಿರಲಿಲ್ಲ, ಅಲ್ವಾ?

ಇರಲಿ, ಮೇಡಂ. ಹಾಸನದ ಹೋಟೆಲಿನಲ್ಲಿ ನಿಮ್ಮ ಮಗ ಕಾಫಿ ಹೇಗೆ ಕೇಳುತ್ತಾನೆ? ಮುಂದಿನ ಸಲ ಬಂದಾಗ ಗಮನಿಸಿ, ಸ್ವಲ್ಪ ಬರೆದು ತಿಳಿಸ್ತೀರಾ?

– ಸಂ.