ಅಪ್ಪನ ಸಿಯೆರಾವನ್ನು ಪುಣೆಗೆ ತರಲೇ ಎಂದು ಕೇಳಿದವರಿಗೆ

ಕೆಲಸದ ನಿಮಿತ್ತ ದಾವಣಗೆರೆಯಿಂದ ಪುಣೆಗೆ ಬರುತ್ತಿದ್ದೀರೆಂದೂ, ತಂದೆಯವರ 1996ರ ಟಾಟಾ ಸಿಯೆರಾ ಕಾರನ್ನು ಜೊತೆಗೆ ತಂದರೆ ಅದನ್ನು ಗುರುತಿಸಿ ಮಾತನಾಡಿಸುವವರು ಈ ಊರಿನಲ್ಲಿ ಸಿಗುವರೇ ಎಂದೂ ಬರೆದಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಕೋಥರೂಡಿನಲ್ಲಿ ನೆಲೆಸಿರುವ ಹುಬ್ಬಳ್ಳಿಯವನಾಗಿ ಹೇಳುತ್ತೇನೆ, ಖಂಡಿತ ತನ್ನಿರಿ. ಆ ಗಾಡಿಗೆ ಪುಣೆ ಪರಸ್ಥಳವಲ್ಲ, ತವರು. 1991ರಲ್ಲಿ ಬಂದ ಸಿಯೆರಾವನ್ನು ಆಗಿನ ಟೆಲ್ಕೊ, ಅಂದರೆ ಇಂದಿನ ಟಾಟಾ ಮೋಟಾರ್ಸ್ ಕಂಪನಿ ತಯಾರಿಸಿದ್ದು ಇಲ್ಲಿಯೇ. ಪಕ್ಕಕ್ಕೆ ಎರಡೇ ಬಾಗಿಲು, ಹಿಂಬದಿಯಲ್ಲಿ ಚಾವಣಿಯವರೆಗೆ ಬಾಗಿ ಏರುವ, ತೆರೆಯಲು ಬಾರದ ಆ ದೊಡ್ಡ ಗಾಜು. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಚಿಂಚವಡದಲ್ಲಿ ನಿಂತಿದ್ದ ಸಿಯೆರಾದ ಬಳಿಗೆ ಬಂದು, ಗಾಜಿನ ಅಂಚನ್ನು ಬೆರಳಿನಿಂದ ಸವರಿ, ಯಾವ ವರ್ಷದ್ದು ಎಂದು ಮೆಲ್ಲಗೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗೆ ಗುರುತಿಸಿಕೊಳ್ಳುವುದರ ಬೆಲೆ ನನಗೆ ತಿಳಿದದ್ದು ನನ್ನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನಿಂದ. ಬಂದ ಮೊದಲ ವರ್ಷ ನನಗೆ ಮರಾಠಿ ಸರಿಯಾಗಿ ಬಾರದು, ಕಚೇರಿಯ ಹೊರಗೆ ಪರಿಚಯದವರೂ ಇರಲಿಲ್ಲ. ಒಂದು ಸಂಜೆ ಕರ್ವೆ ರಸ್ತೆಯ ನಳ ಸ್ಟಾಪ್ ಸಿಗ್ನಲ್ಲಿನಲ್ಲಿ ನನ್ನ ಪಕ್ಕಕ್ಕೇ ಇನ್ನೊಂದು ಪದ್ಮಿನಿ ಬಂದು ನಿಂತಿತು. ಅದರ ಮಾಲೀಕರು ಕಿಟಕಿ ಇಳಿಸಿ, ನನ್ನ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಕಾರ್ಬುರೇಟರ್ ಕೆಟ್ಟಿದೆ, ಬಿಡಿಭಾಗಗಳು ಸಿಗುವ ನಾನಾ ಪೇಠೆಗೆ ಹೋಗಿ ವಿಚಾರಿಸಿರಿ ಎಂದರು. ಹಸಿರು ದೀಪ ಬರುವಷ್ಟರಲ್ಲಿ ಮುಗಿದ ಆ ಮಾತಿನಿಂದ ಆರಂಭವಾದ ಸ್ನೇಹದಲ್ಲಿ ಇಂದು ಎರಡು ಮನೆಗಳ ಮಕ್ಕಳು ಒಟ್ಟಿಗೆ ಬೆಳೆದಿದ್ದಾರೆ.

ಮುಂಬೈಗೆ ಹೋದಾಗ ಪದ್ಮಿನಿಗೆ ಬಂಧುಗಳು ಇನ್ನೂ ಹೆಚ್ಚಾಗಿದ್ದರು. ಅದು ಕುರ್ಲಾದಲ್ಲಿ ಹುಟ್ಟಿದ ಗಾಡಿ. ಕಪ್ಪು ಹಳದಿ ಟ್ಯಾಕ್ಸಿಯಾಗಿ ಅಲ್ಲಿ ದಶಕಗಳ ಕಾಲ ಓಡಿತು. ಸ್ಟ್ಯಾಂಡಿನಲ್ಲಿ ಕುಳಿತ ಚಾಲಕರು ನನ್ನ ಖಾಸಗಿ ಪದ್ಮಿನಿಯನ್ನು ಕಂಡರೆ ಕೈ ಎತ್ತುತ್ತಿದ್ದರು. ಟ್ಯಾಕ್ಸಿಗಳಿಗೆ ಅಲ್ಲಿ 20 ವರ್ಷಗಳ ಮಿತಿಯಿರುವುದರಿಂದ, 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಸರಿಯಿತು. ಆ ನಂತರ ಮುಂಬೈಗೆ ಹೋದಾಗಲೆಲ್ಲ ಆ ಎತ್ತಿದ ಕೈಗಳ ನೆನಪು ನನ್ನನ್ನು ಬಾಧಿಸುತ್ತದೆ.

ಗುರುತು ತೋರಿಸುವಾಗ ಒಂದು ಎಚ್ಚರ ಬೇಕು. ನಮ್ಮ ರಸ್ತೆಗಳಲ್ಲಿ ಹೆಡ್‌ಲೈಟ್ ಮಿಣುಕಿಸಿದರೆ ದಾರಿ ಬಿಡಿ ಎಂದೇ ಅರ್ಥ, ನಮಸ್ಕಾರ ಎಂದಲ್ಲ. ಹಿಂದೊಮ್ಮೆ ನಾನು ವಾರ್ಜೆಯಿಂದ ಕಾತ್ರಜದ ಕಡೆಗೆ ಹೋಗುವಾಗ, ಅಪರೂಪಕ್ಕೆ ಕಂಡ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯೊಂದನ್ನು ಹತ್ತಿರದಿಂದ ನೋಡುವ ಆಸೆಗೆ ಬಿದ್ದು ಬಹುದೂರ ಹಿಂಬಾಲಿಸಿದೆ. ಅದನ್ನು ಓಡಿಸುತ್ತಿದ್ದ ಮಹಿಳೆ ಹೆದರಿ ಪೆಟ್ರೋಲ್ ಪಂಪಿನೊಳಗೆ ತಿರುಗಿಸಿಕೊಂಡರು. ಇಳಿದು ಕ್ಷಮೆ ಕೇಳಿದೆನಾದರೂ, ಅವರ ಮುಖದ ಭಯ ನನಗೆ ಇಂದಿಗೂ ನಾಚಿಕೆ ತರುತ್ತದೆ. ಗಾಡಿಗಳು ನಿಂತಿರುವಾಗ ಮಾತ್ರ ಮಾತನಾಡಿಸಿರಿ. ಬೈಪಾಸಿನಲ್ಲಿ, ಅದರಲ್ಲಿಯೂ ಬ್ರೇಕು ಸೋತ ಲಾರಿಗಳಿಂದ ಮತ್ತೆ ಮತ್ತೆ ಅಪಘಾತವಾಗುವ ನವಲೆ ಸೇತುವೆಯ ಇಳಿಜಾರಿನಲ್ಲಿ, ಅಕ್ಕಪಕ್ಕದ ಗಾಡಿಯನ್ನು ನೋಡುತ್ತ ಸಾಗಲೇಬೇಡಿರಿ. ಚಿತ್ರ ತೆಗೆದರೆ ನಂಬರನ್ನು ಮರೆಮಾಡದೆ ಯಾರಿಗೂ ಕಳುಹಿಸಬೇಡಿರಿ.

ದಾವಣಗೆರೆಯ ಕೆಎ-17 ನೋಂದಣಿ ಫಲಕವನ್ನು ಉಳಿಸಿಕೊಳ್ಳುವ ಆಸೆ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಕೆಎ ಫಲಕ ಕಂಡೊಡನೆ ಕಿಟಕಿ ಇಳಿಸಿ "ಯಾವೂರ್ರೀ ನಿಮ್ದು?" ಎಂದು ಕೇಳುವ ನಮ್ಮ ಕಡೆಯವರು ಇಲ್ಲಿ ಬಹಳ ಮಂದಿ ಇರುವುದರಿಂದ ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿಯ ನೋಂದಣಿ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೊರಡುವ ಮೊದಲೇ ದಾವಣಗೆರೆಯ ಆರ್‌ಟಿಒ ಕಚೇರಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆಯಿರಿ, ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ನೋಂದಣಿ ನವೀಕರಣದ ಅವಧಿಯನ್ನೂ ನೋಡಿಕೊಳ್ಳಿರಿ. ಫಲಕ ಪುಣೆಯ ಎಂಎಚ್-12 ಆದರೂ ಆ ಗಾಜು ಆ ಗಾಜೇ.

ಹೊರಡುವ ದಿನವನ್ನು ತಿಳಿಸಿರಿ. ಸಾತಾರೆ ದಾಟಿ ಖಂಬಾಟಕಿಯ ಸುರಂಗದಿಂದ ಹೊರಬಂದ ಮೇಲೆ ಶಿರವಳ ಸಿಗುತ್ತದೆ. ಅಲ್ಲಿ ರಸ್ತೆಯ ಬದಿಗೆ ನನ್ನ ಪದ್ಮಿನಿ ನಿಂತಿರುತ್ತದೆ.