ಪರಮ ಪ್ರಸಾದದ ಸಾಲಿನಲ್ಲಿ ಕೈ ಚಾಚಿದೆ, ಫಾದರ್ ಕೊಡಲಿಲ್ಲ ಯಾಕೆ?

ಪ್ರಶ್ನೆ: ನಾವು ಧಾರವಾಡ ಕಡೆಯವರು, ಹದಿನೆಂಟು ವರ್ಷದಿಂದ ಮುಂಬೈಯ ಸಾಂತಾಕ್ರೂಜ್‌ನಲ್ಲಿದ್ದೇವೆ. ಪಕ್ಕದ ಮನೆಯ ಮಂಗಳೂರು ಆಂಟಿ ತಮ್ಮ ಮೊಮ್ಮಗನ ಫಸ್ಟ್ ಕಮ್ಯುನಿಯನ್‌ಗೆ (ಚರ್ಚ್‌ನಲ್ಲಿ ಮೊದಲ ಸಲ ಪರಮ ಪ್ರಸಾದ ತೆಗೆದುಕೊಳ್ಳುವ ದಿನ) ಕರೆದಿದ್ದರು. ಪೂಜೆಯ ಕೊನೆಗೆ ಎಲ್ಲರೂ ಸಾಲು ಹಿಡಿದರು, ನಾನೂ ಹೋದೆ. ಫಾದರ್ ನನ್ನ ಕೈಗೆ ಏನೂ ಹಾಕದೆ, ತಲೆ ಮೇಲೆ ಕೈ ಇಟ್ಟು ಕಳಿಸಿದರು. ತುಂಬಾ ನಾಚಿಕೆಯಾಯಿತು. ಬುಧವಾರ ಮಾಹಿಮ್ ಚರ್ಚ್‌ಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಇಲ್ಲಿ ಯಾಕೆ ಹೀಗೆ?

ಉತ್ತರ: ನಾಚಿಕೆ ಬಿಡಿ. ಫಾದರ್ ಕೊಟ್ಟಿದ್ದು ಆಶೀರ್ವಾದ. ಎಡವಟ್ಟಾಗಿದ್ದು ಪದದಿಂದ. ಸಾಲಿನಲ್ಲಿ ಕೊಡುವ ಬಿಳಿ ಬಿಲ್ಲೆಯನ್ನು ಕನ್ನಡ ಕ್ರೈಸ್ತರು ಪರಮ ಪ್ರಸಾದ ಅನ್ನುತ್ತಾರೆ. ಪ್ರಸಾದ ಅಂದ ಮೇಲೆ ಬಂದವರಿಗೆಲ್ಲ ಸಿಗಬೇಕು ಅಂತಲೇ ಅಲ್ವಾ ನಮ್ಮ ಲೆಕ್ಕ? ಪಕ್ಕದ ಮನೆಯವರು ಮನೆಯಲ್ಲಿ ಕೊಂಕಣಿ ಆಡುವವರಾದರೆ ಅದಕ್ಕೆ ಕುಮ್ಗಾರ್ ಅನ್ನುತ್ತಾರೆ. ಪೋರ್ಚುಗೀಸರಿಂದ ಬಂದ ಆ ಪದ ಕೇಳಿದ್ದರೆ ನಿಮಗೆ ಈ ಗೊಂದಲ ಆಗುತ್ತಲೇ ಇರಲಿಲ್ಲ.

ಆ ಬಿಳಿ ಬಿಲ್ಲೆ ಬರೀ ಗೋಧಿ ಹಿಟ್ಟು ಮತ್ತು ನೀರು. ಹುಳಿ ಬರಿಸುವುದಿಲ್ಲ, ಉಪ್ಪಿಲ್ಲ, ಸಕ್ಕರೆ ಇಲ್ಲ. ಆದರೆ ಪೂಜೆಯ ನಡುವೆ ಫಾದರ್ ಯೇಸುವಿನ ಕೊನೆಯ ಊಟದ ಮಾತುಗಳನ್ನು ಹೇಳಿದ ಮೇಲೆ ಅದು ಕ್ರಿಸ್ತನ ಶರೀರವೇ ಆಗುತ್ತದೆ ಅನ್ನುವುದು ಕಥೋಲಿಕರ ನಂಬಿಕೆ. ಸುಮ್ನೆ ಗುರುತು ಅಥವಾ ನೆನಪು ಅಂತ ಅವರು ಒಪ್ಪುವುದಿಲ್ಲ. ಚರ್ಚ್‌ನ ಹಿರಿಯರು ಸೇರಿದ 1215ರ ಲ್ಯಾಟರನ್ ಮಹಾಸಭೆ ಇದನ್ನು ಸಿದ್ಧಾಂತವಾಗಿ ಹೇಳಿತು. ಕಥೋಲಿಕ ಚರ್ಚ್‌ನಿಂದ ಬೇರೆಯಾದ ಪ್ರಾಟೆಸ್ಟೆಂಟರ ಜತೆ ಜಗಳ ಜೋರಾಗಿದ್ದಾಗ ಟ್ರೆಂಟ್ ಮಹಾಸಭೆ (1545-63) ಮತ್ತೆ ಗಟ್ಟಿ ಮಾಡಿತು. ಉಳಿದ ಬಿಲ್ಲೆಗಳನ್ನು ಚಿಕ್ಕ ಪೆಟ್ಟಿಗೆಯಂಥ ಗೂಡಿನಲ್ಲಿಟ್ಟು ಬೀಗ ಹಾಕುತ್ತಾರೆ. ಪಕ್ಕದಲ್ಲಿ ಒಂದು ದೀಪ ಹಗಲೂ ರಾತ್ರಿ ಉರಿಯುತ್ತಿರುತ್ತದೆ, ನಮ್ಮ ನಂದಾದೀಪದ ಹಾಗೆ. ಆಂಟಿ ಒಳಗೆ ಬಂದ ಕೂಡಲೇ ಬಲ ಮೊಣಕಾಲು ಊರಿದ್ದು ಆ ಗೂಡಿಗೆ.

ಹೀಗಾಗಿ ಜ್ಞಾನಸ್ನಾನ (ನೀರಿನಿಂದ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ) ಆದವರಿಗೆ ಮಾತ್ರ ಕೊಡುತ್ತಾರೆ. ಅವರಿಗೂ ಹುಟ್ಟಿದ ಕೂಡಲೇ ಸಿಗುವುದಿಲ್ಲ. ಹಿಂದೆ ಮಕ್ಕಳು ಹತ್ತು ಹನ್ನೆರಡು ವರ್ಷದವರೆಗೂ ಕಾಯಬೇಕಿತ್ತು. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಅದನ್ನು ಸುಮಾರು ಏಳಕ್ಕೆ ಇಳಿಸಿದರು. ಮೊಮ್ಮಗ ಅಷ್ಟು ದಿನ ಪಾಠಕ್ಕೆ ಹೋಗಿದ್ದು ಇದಕ್ಕೇ. ದೊಡ್ಡ ಪಾಪ ಮಾಡಿ ಪಾಪನಿವೇದನೆ (ಫಾದರ್ ಎದುರು ತಪ್ಪೊಪ್ಪಿಗೆ) ಮಾಡದ ಕಥೋಲಿಕರೂ ಆ ಸಾಲಿಗೆ ಹೋಗುವ ಹಾಗಿಲ್ಲ. ತೆಗೆದುಕೊಳ್ಳುವ ಒಂದು ಗಂಟೆ ಮೊದಲಿಂದ ಏನೂ ತಿನ್ನಬಾರದು, ನೀರು ಪರವಾಗಿಲ್ಲ. ಮುಂದಿನ ಸಲ ಗಮನಿಸಿ, ಬೆಂಚಿನಲ್ಲೇ ಕೂತವರು ಬಹಳ ಜನ ಇರುತ್ತಾರೆ. ಯಾರೂ ಅವರ ಕಡೆ ತಿರುಗಿಯೂ ನೋಡುವುದಿಲ್ಲ.

ಫಾದರ್‌ಗೆ ಹೇಗೆ ಗೊತ್ತಾಯಿತು ಅಂತ ನಿಮಗೆ ಅನಿಸಿರಬಹುದು. ನೀವು ತೀರ್ಥಕ್ಕೆ ಹಿಡಿಯುವ ಹಾಗೆ ಬಲಗೈ ಚಾಚಿರುತ್ತೀರಿ. ಕಥೋಲಿಕರು ಎಡ ಅಂಗೈಯನ್ನು ಬಲಗೈ ಮೇಲಿಟ್ಟು ಚಾಚುತ್ತಾರೆ. ಎಡಗೈ ಮೇಲೆ ಬಂದ ಬಿಲ್ಲೆಯನ್ನು ಬಲಗೈಯಲ್ಲಿ ತೆಗೆದು ಅಲ್ಲೇ ಬಾಯಿಗೆ ಹಾಕಿಕೊಳ್ಳುತ್ತಾರೆ. 'ಕ್ರಿಸ್ತನ ಶರೀರ' ಅಂದಾಗ 'ಆಮೆನ್' ಅನ್ನಬೇಕು. ಇನ್ನು ಮೇಲೆ ಸಾಲಿನಲ್ಲಿ ಹೋಗಬೇಕು ಅನಿಸಿದರೆ ಎರಡೂ ಕೈಯನ್ನು ಎದೆ ಮೇಲೆ ಅಡ್ಡ ಇಟ್ಟುಕೊಳ್ಳಿ. ಬಹಳ ಕಡೆ ಫಾದರ್ ಹರಸಿ ಕಳಿಸುತ್ತಾರೆ. ಒಂದು ಕಿವಿಮಾತು: ಯಾರಾದರೂ ತಪ್ಪಿ ಕೊಟ್ಟರೂ ಮನೆಯವರಿಗೆ ಅಂತ ಕರ್ಚೀಫಿನಲ್ಲಿ ಕಟ್ಟಿಕೊಳ್ಳಬೇಡಿ. ಅವರಿಗೆ ಅದಕ್ಕಿಂತ ದೊಡ್ಡ ಆಘಾತ ಇಲ್ಲ. ವಾಪಸ್ ಕೊಟ್ಟುಬಿಡಿ.

ಮಾಹಿಮ್‌ನದು ಬೇರೆ ವಿಷಯ. ಸಂತ ಮೈಕಲರ ಚರ್ಚ್‌ನಲ್ಲಿ ಬುಧವಾರದ ನೊವೆನಾ 1948ರಿಂದ ನಡೆಯುತ್ತಿದೆ. ನೊವೆನಾ ಅಂದರೆ ಒಂಬತ್ತರ ಪ್ರಾರ್ಥನೆ. ಯೇಸು ಸ್ವರ್ಗಕ್ಕೆ ಏರಿದ ಮೇಲೆ ಅವರ ತಾಯಿ ಮರಿಯಮ್ಮ ಮತ್ತು ಶಿಷ್ಯರು ಒಂಬತ್ತು ದಿನ ಪ್ರಾರ್ಥನೆಯಲ್ಲಿ ಕೂತಿದ್ದರು ಅನ್ನುವುದು ಇದರ ಮೂಲ. ಇದು ಬೇಡಿಕೆ, ಬೇಡಲು ಜ್ಞಾನಸ್ನಾನ ಬೇಕಿಲ್ಲ. ಅಲ್ಲಿನ ನಿತ್ಯ ಸಹಾಯ ಮಾತೆಯ (ಮರಿಯಮ್ಮನ) ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಿ. ಶಿಲುಬೆ ಹಿಡಿದ ದೇವದೂತನನ್ನು ಕಂಡು ಮಗು ಯೇಸು ಬೆದರಿ ತಾಯಿಯ ಕೈ ಹಿಡಿದುಕೊಂಡಿದೆ. ಓಡಿ ಬಂದ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಕಳಚಿ ನೇತಾಡುತ್ತಿದೆ. ಮೂಲ ಚಿತ್ರ ರೋಮ್‌ನಲ್ಲಿದೆ.

ಪ್ರಶ್ನೆ: ಬಾಂದ್ರಾದ ಮೌಂಟ್ ಮೇರಿ ಚರ್ಚ್‌ನಲ್ಲಿ ಮೇಣದ ಕೈ, ಕಾಲು, ಮನೆ ಮಾರುತ್ತಾರೆ. ಇದು ನಮ್ಮ ಹರಕೆಯನ್ನು ನೋಡಿ ಕಲಿತದ್ದೇ? (ಠಾಣೆಯ ಓದುಗರು)

ಉತ್ತರ: ಬೆಳ್ಳಿ ಕಣ್ಣು ಒಪ್ಪಿಸುವ ನಮ್ಮವರಿಗೆ ಹಾಗನಿಸುವುದು ಸಹಜ. ಆದರೆ ಯುರೋಪಿನಲ್ಲೂ ಇದು ಹಳೇ ಪದ್ಧತಿ. ಕ್ರೈಸ್ತ ಧರ್ಮಕ್ಕೂ ಮೊದಲೇ ರೋಮನ್ನರು ಮಣ್ಣಿನ ಕೈಕಾಲು ಮಾಡಿ ದೇವರಿಗೆ ಕೊಡುತ್ತಿದ್ದರು. ಎರಡೂ ಕಡೆಯ ರೂಢಿ ಬಾಂದ್ರಾದ ಗುಡ್ಡದ ಮೇಲೆ ಸೇರಿಕೊಂಡಿದೆ ಅನ್ನೋಣ. ಅಲ್ಲಿ ಮರಿಯಮ್ಮನಿಗೆ ಮೋತ್ ಮೌಲಿ ಅನ್ನುವ ಹೆಸರೂ ಇದೆ. ಸೆಪ್ಟೆಂಬರ್ 8ರ ಹಬ್ಬದ ನಂತರ ವಾರವಿಡೀ ಜಾತ್ರೆ.

ಪ್ರಶ್ನೆ: ಗೋವಾದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ಶರೀರ ಮತ್ತೆ ಯಾವಾಗ ನೋಡಲು ಸಿಗುತ್ತದೆ? (ವಾಸ್ಕೋದ ಓದುಗರು)

ಉತ್ತರ: ಹದಿನಾರನೇ ಶತಮಾನದ ಈ ಧರ್ಮಪ್ರಚಾರಕರ ಶರೀರದ ದರ್ಶನ ಹತ್ತು ವರ್ಷಕ್ಕೊಮ್ಮೆ. ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು, ಲೆಕ್ಕದ ಪ್ರಕಾರ ಮುಂದಿನದು 2034ಕ್ಕೆ. ಅಷ್ಟು ಕಾಯಬೇಕಿಲ್ಲ. ಓಲ್ಡ್ ಗೋವಾದ ಬೊಮ್ ಜೀಸಸ್ ಬಸಿಲಿಕಾದಲ್ಲಿ ಶರೀರವನ್ನು ಇಟ್ಟಿರುವ, ಎತ್ತರದಲ್ಲಿನ ಬೆಳ್ಳಿ ಪೆಟ್ಟಿಗೆಯನ್ನು ಈಗಲೂ ನೋಡಬಹುದು. ಡಿಸೆಂಬರ್ 3ರ ಫೆಸ್ತ್‌ಗೆ ಜನ ಜಾಸ್ತಿ. ಅದಕ್ಕೂ ಮೊದಲು ನವೆಂಬರ್ 24ರಿಂದ ಒಂಬತ್ತು ದಿನ ನೊವೆನಾ ಇರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಬೇಗ ಹೋಗಿ. ಬಲಗೈ ಎಲ್ಲಿ ಅಂತ ಅಲ್ಲಿ ಹುಡುಕಬೇಡಿ. ಅದನ್ನು 1614ರಲ್ಲೇ ರೋಮ್‌ಗೆ ಕಳಿಸಿಕೊಟ್ಟರು.