ಮೇಡಾಫ್ ಮನೆಯವರಿಗೆ ಗೊತ್ತಿರಲಿಲ್ವಾ?

ಹೂಡಿಕೆಯ ಹೆಸರಲ್ಲಿ ಸಾವಿರಾರು ಜನರಿಗೆ ಮೋಸ ಮಾಡಿದ ಅಮೆರಿಕದ ಬರ್ನಿ ಮೇಡಾಫ್‌ನ ಕುಟುಂಬದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ದಾವಣಗೆರೆಯ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇದು:

‘ಜನರ ದುಡ್ಡು ನುಂಗಿದವನ ಹೆಂಡತಿ ಮಕ್ಕಳಿಗಾಗಿ ಕಣ್ಣೀರು ಹಾಕಿದ್ದೀರಿ. ಅದೇ ದುಡ್ಡಲ್ಲಿ ಉಂಡು ಉಟ್ಟವರಿಗೆ ಏನೂ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ನಮ್ಮ ಯಜಮಾನರು ರಿಟೈರ್ ಆದಾಗ ಬಂದ ಹಣವನ್ನೆಲ್ಲ ಬೆಂಗಳೂರಿನ ಒಂದು ಕಂಪನಿಗೆ ಹಾಕಿದೆವು. ಹಾಕಿಸಿದ್ದು ನಾದಿನಿಯ ಗಂಡ. ಕಂಪನಿ ಬಾಗಿಲು ಮುಚ್ಚಿತು. ಮನೆತನದ ಮಾನ ಅಂತ ದೂರು ಕೊಡಲಿಲ್ಲ. ಈಗ ಮದುವೆ ಮುಂಜಿಯಲ್ಲಿ ನಾದಿನಿ ಎದುರಾದರೆ ಮುಖ ತಿರುಗಿಸುತ್ತೇನೆ. ನನ್ನ ದುಡ್ಡೂ ಹೋಗಿದೆ ಅತ್ತಿಗೆ ಅಂತಾಳೆ. ನಾನು ನಂಬಲ್ಲ. ಕಳಕೊಂಡ ನಮ್ಮ ಬಗ್ಗೆ ಬರೆಯುವವರು ಯಾರು?’

ಮೇಡಂ, ನಿಮ್ಮ ಸಿಟ್ಟು ನ್ಯಾಯವಾದದ್ದು. ಹಾಗಾಗಿ ಕಳೆದುಕೊಂಡವರಿಂದಲೇ ಶುರು ಮಾಡುತ್ತೇನೆ.

2008ರ ಡಿಸೆಂಬರ್‌ನಲ್ಲಿ ಮೇಡಾಫ್ ಸಿಕ್ಕಿಬಿದ್ದಾಗ ಅವನ ಗ್ರಾಹಕರ ಖಾತೆಗಳಲ್ಲಿ ಕಾಗದದ ಮೇಲೆ ಸುಮಾರು 6,480 ಕೋಟಿ ಡಾಲರ್ ಇತ್ತು. ಅದರಲ್ಲಿ ಬಹುಪಾಲು ಬರೀ ಅಂಕಿ. ಆದರೆ ಜನ ನಿಜವಾಗಿ ಕಟ್ಟಿದ ಅಸಲಿನಲ್ಲೇ ಸುಮಾರು 1,750 ಕೋಟಿ ಡಾಲರ್ ಮಾಯವಾಗಿತ್ತು. ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದ ಎಲೀ ವೀಸೆಲ್ ಅವರ ಪ್ರತಿಷ್ಠಾನ ಸುಮಾರು ಒಂದೂವರೆ ಕೋಟಿ ಡಾಲರ್ ಕಳೆದುಕೊಂಡಿತು. ತನ್ನನ್ನು ನಂಬಿದವರ ಹಣವನ್ನು ಮೇಡಾಫ್ ಕೈಗೆ ಕೊಟ್ಟಿದ್ದ ಫ್ರಾನ್ಸಿನ ದ ಲಾ ವಿಲ್ಯುಶೆ ಎಂಬ ಹಣಕಾಸುಗಾರ, ಸುದ್ದಿ ಹೊರಬಿದ್ದು ಎರಡು ವಾರ ಆಗುವುದರೊಳಗೆ ನ್ಯೂಯಾರ್ಕಿನ ತನ್ನ ಆಫೀಸಿನಲ್ಲೇ ಪ್ರಾಣ ಕಳೆದುಕೊಂಡ. ಪಿಂಚಣಿಯ ಆಸರೆ ಹೋಗಿ ವಯಸ್ಸಾದ ಮೇಲೆ ಮತ್ತೆ ಕೆಲಸ ಹುಡುಕಿ ಹೊರಟವರಿದ್ದಾರೆ, ಮನೆ ಮಾರಿಕೊಂಡವರಿದ್ದಾರೆ. ಇವರಿಗೆಲ್ಲ ಆದ ಅನ್ಯಾಯದ ಪಕ್ಕ ಮೇಡಾಫ್ ಮನೆಯವರ ದುಃಖವನ್ನು ಇಟ್ಟು ತೂಗುವುದು ನಮ್ಮ ಉದ್ದೇಶ ಆಗಿರಲಿಲ್ಲ.

ಆದರೆ ‘ಅವರಿಗೆ ಗೊತ್ತಿತ್ತು’ ಎಂದು ನೀವು ಖಚಿತವಾಗಿ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮ್ಯಾನ್‌ಹ್ಯಾಟನ್ನಿನ ಲಿಪ್‌ಸ್ಟಿಕ್ ಬಿಲ್ಡಿಂಗ್ ಎಂಬ ಕಟ್ಟಡದಲ್ಲಿ ಮೇಡಾಫ್ ಕಂಪನಿಗೆ ಮೂರು ಮಹಡಿ ಇದ್ದವು. ಮೇಲಿನ ಎರಡರಲ್ಲಿ ನಿಜವಾದ ಷೇರು ವಹಿವಾಟು ನಡೆಯುತ್ತಿತ್ತು. ಮಕ್ಕಳಾದ ಮಾರ್ಕ್ ಮತ್ತು ಆಂಡ್ರ್ಯೂ ಅಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದರು. ಮೋಸ ನಡೆಯುತ್ತಿದ್ದದ್ದು ಕೆಳಗಿನ 17ನೇ ಮಹಡಿಯಲ್ಲಿ. ಅಲ್ಲಿ ಒಂದು ಷೇರು ಕೊಂಡದ್ದೂ ಇಲ್ಲ, ಮಾರಿದ್ದೂ ಇಲ್ಲ. ಯಾವ ದಿನ ಕೊಂಡು ಯಾವ ದಿನ ಮಾರಿದ್ದರೆ ಲಾಭ ಬರುತ್ತಿತ್ತು ಎಂದು ಹಳೆಯ ದರ ನೋಡಿ ಲೆಕ್ಕ ಹಾಕುವುದು, ಆ ಲೆಕ್ಕವನ್ನು ಒಂದು ಹಳೇ ಕಂಪ್ಯೂಟರಿನಲ್ಲಿ ಸ್ಟೇಟ್‌ಮೆಂಟ್ ಮಾಡಿ ಪ್ರಿಂಟ್ ತೆಗೆಯುವುದು, ಗ್ರಾಹಕರಿಗೆ ಅಂಚೆಯಲ್ಲಿ ಕಳಿಸುವುದು. ಕೆಲಸ ಇಷ್ಟೇ. ಬಂದ ಹಣವೆಲ್ಲ ಒಂದು ಬ್ಯಾಂಕ್ ಖಾತೆಗೆ ಬೀಳುತ್ತಿತ್ತು. ಯಾರಾದರೂ ವಾಪಸ್ ಕೇಳಿದರೆ ಇನ್ಯಾರೋ ಕಟ್ಟಿದ ದುಡ್ಡು ಅದೇ ಖಾತೆಯಿಂದ ಹೋಗುತ್ತಿತ್ತು. ಆ ವ್ಯವಹಾರದ ತಂಟೆಗೆ ಮಕ್ಕಳು ಬರಬಾರದೆಂದು ಅಪ್ಪ ಮೊದಲಿನಿಂದಲೂ ದೂರ ಇಟ್ಟಿದ್ದ.

ಇದನ್ನು ಕಂಡುಹಿಡಿಯುವುದೇ ಕೆಲಸ ಆಗಿದ್ದವರೂ ಕಂಡುಹಿಡಿಯಲಿಲ್ಲ. ಹ್ಯಾರಿ ಮಾರ್ಕೊಪೊಲೊಸ್ ಎಂಬಾತ 2000ದಿಂದ ಅಮೆರಿಕದ ಷೇರು ನಿಯಂತ್ರಣ ಮಂಡಳಿಗೆ ದೂರು ಕೊಡುತ್ತಲೇ ಇದ್ದ. 2006ರಲ್ಲಿ ಅಧಿಕಾರಿಗಳು ಮೇಡಾಫ್‌ನನ್ನು ಕೂರಿಸಿ ಪ್ರಶ್ನೆ ಕೇಳಿದರು. ಷೇರುಗಳನ್ನು ಇಟ್ಟಿರುವ ಖಾತೆಯ ನಂಬರನ್ನೂ ಅವನು ಕೊಟ್ಟ. ಒಂದು ಫೋನ್ ಮಾಡಿದ್ದರೆ ಖಾತೆಯಲ್ಲಿ ಷೇರೇ ಇಲ್ಲ ಅಂತ ಗೊತ್ತಾಗುತ್ತಿತ್ತು. ಯಾರೂ ವಿಚಾರಿಸಲಿಲ್ಲ. ಒಂದು ಕಾಲಕ್ಕೆ ನಾಸ್ಡಾಕ್ ಎಂಬ ದೊಡ್ಡ ಷೇರುಪೇಟೆಯ ಅಧ್ಯಕ್ಷನಾಗಿದ್ದ ಮನುಷ್ಯ ಅವನು. ಅನುಮಾನ ಪಡುವುದಕ್ಕೇ ಜನ ಹಿಂಜರಿದರು.

ಈಗ 2008ರ ಡಿಸೆಂಬರ್ 10ಕ್ಕೆ ಬನ್ನಿ. ಮಾರುಕಟ್ಟೆ ಕುಸಿದಿತ್ತು, ಗ್ರಾಹಕರು 700 ಕೋಟಿ ಡಾಲರ್ ವಾಪಸ್ ಕೇಳಿದ್ದರು, ಖಾತೆಯಲ್ಲಿ ಅಷ್ಟು ಇರಲಿಲ್ಲ. ಅಂಥ ಹೊತ್ತಲ್ಲಿ ನೌಕರರಿಗೆ ಎರಡು ತಿಂಗಳು ಮೊದಲೇ ಬೋನಸ್ ಕೊಡುತ್ತೇನೆ ಎಂದು ಅಪ್ಪ ಹೊರಟಿದ್ದು ಮಕ್ಕಳಿಗೆ ವಿಚಿತ್ರ ಅನಿಸಿತು. ಆಫೀಸಿನಲ್ಲೇ ಕೇಳಿದರು. ಇಲ್ಲಿ ಬೇಡ, ಮನೆಗೆ ಹೋಗೋಣ ಎಂದ. ಮನೆಯಲ್ಲಿ ಎಲ್ಲ ಹೇಳಿದ. ‘ಇದೆಲ್ಲ ಒಂದು ದೊಡ್ಡ ಸುಳ್ಳು’ ಎಂದು ಅವನು ಹೇಳಿದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ದಾಖಲೆಯಲ್ಲೇ ಇದೆ. ಇನ್ನೊಂದು ವಾರ ಟೈಮ್ ಬೇಕು, ಉಳಿದ ದುಡ್ಡನ್ನು ಮನೆಯವರಿಗೆ, ನೌಕರರಿಗೆ, ಸ್ನೇಹಿತರಿಗೆ ಹಂಚಿ ಆಮೇಲೆ ಶರಣಾಗುತ್ತೇನೆ ಎಂದ. 17 ಕೋಟಿ ಡಾಲರಿಗೂ ಜಾಸ್ತಿ ಮೊತ್ತದ ಚೆಕ್‌ಗಳು ಸಹಿ ಆಗಿ ಅವನ ಡೆಸ್ಕಿನಲ್ಲಿ ಆಮೇಲೆ ಸಿಕ್ಕಿದವು.

ಮಕ್ಕಳು ಮನೆಯಿಂದ ಹೊರಬಿದ್ದವರು ನೇರ ವಕೀಲರ ಹತ್ತಿರ ಹೋದರು. ಅವತ್ತು ರಾತ್ರಿಯೇ ವಿಷಯ ಸರ್ಕಾರಕ್ಕೆ ಮುಟ್ಟಿತು. ಮಾರನೇ ಬೆಳಿಗ್ಗೆ ಎಫ್‌ಬಿಐನವರು ಮನೆ ಬಾಗಿಲಿಗೆ ಬಂದು, ನೀವು ನಿರಪರಾಧಿ ಅನ್ನುವುದಕ್ಕೆ ಏನಾದರೂ ವಿವರಣೆ ಇದೆಯಾ ಎಂದು ಕೇಳಿದರು. ‘ಅಂಥ ವಿವರಣೆ ಯಾವುದೂ ಇಲ್ಲ’ ಎಂದ ಮೇಡಾಫ್.

ಮೇಡಂ, ಇಲ್ಲಿ ಸ್ವಲ್ಪ ನಿಲ್ಲಿ. ಒಂದೇ ಒಂದು ವಾರ ಆ ಮಕ್ಕಳು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಸಾಕಿತ್ತು. ಹೆತ್ತ ಅಪ್ಪನನ್ನು ಅದೇ ದಿನ ಕಾನೂನಿಗೆ ಒಪ್ಪಿಸಿದರು. ನಮ್ಮಲ್ಲಿ ಎಷ್ಟು ಜನಕ್ಕೆ ಆ ಗಟ್ಟಿತನ ಇದೆ? ಅವರ ಮೇಲೆ ಯಾವತ್ತೂ ಕ್ರಿಮಿನಲ್ ಕೇಸ್ ದಾಖಲಾಗಲಿಲ್ಲ. ಆ ದಿನದ ನಂತರ ಇಬ್ಬರೂ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ.

ಆದರೂ ಊರು ನಂಬಲಿಲ್ಲ. ಪತ್ರಿಕೆಗಳು ಬರೆದೇ ಬರೆದವು. ಮಾರ್ಕ್‌ನ ಹೆಂಡತಿ ತನ್ನ ಮತ್ತು ಮಕ್ಕಳ ಹೆಸರಿನಿಂದ ಮೇಡಾಫ್ ಅನ್ನುವುದನ್ನು ತೆಗೆಸಲು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2010ರ ಡಿಸೆಂಬರ್ 11, ಅಪ್ಪ ಅರೆಸ್ಟ್ ಆಗಿ ಸರಿಯಾಗಿ ಎರಡು ವರ್ಷ. ಅವತ್ತು ಮಾರ್ಕ್ ತನ್ನ ಮನೆಯಲ್ಲೇ ಜೀವ ಕಳೆದುಕೊಂಡ. ವಯಸ್ಸು 46. ಪಕ್ಕದ ಕೋಣೆಯಲ್ಲಿ ಎರಡು ವರ್ಷದ ಮಗ ಮಲಗಿತ್ತು. ಆಂಡ್ರ್ಯೂಗೆ ಹಿಂದೆ ಬಂದು ವಾಸಿಯಾಗಿದ್ದ ರಕ್ತದ ಕ್ಯಾನ್ಸರ್ ಮರುಕಳಿಸಿತು. ಈ ಹಗರಣ ಅಣ್ಣನನ್ನು ಬೇಗ ಕೊಂದಿತು, ನನ್ನನ್ನು ನಿಧಾನವಾಗಿ ಕೊಲ್ಲುತ್ತಿದೆ ಎಂದು ಅವನು ಹೇಳಿಕೊಂಡಿದ್ದ. 2014ರಲ್ಲಿ 48ನೇ ವಯಸ್ಸಿಗೆ ತೀರಿಕೊಂಡ. ಇಬ್ಬರು ಮಕ್ಕಳೂ ಹೋದ ಮೇಲೂ ಅಪ್ಪ ಜೈಲಿನಲ್ಲಿ ಇನ್ನೂ ಆರೂವರೆ ವರ್ಷ ಬದುಕಿದ್ದ. 2021ರ ಏಪ್ರಿಲ್‌ನಲ್ಲಿ ಸತ್ತ.

ಹೆಂಡತಿ ರೂತ್ ವಿಷಯದಲ್ಲಿ ನಿಮಗೆ ಜಾಸ್ತಿ ಸಿಟ್ಟಿದೆ. ಆಕೆ ಗಂಡನನ್ನು ತಕ್ಷಣ ಬಿಡಲಿಲ್ಲ, ನಿಜ. ಅದೇ ಕಾರಣಕ್ಕೆ ಮಕ್ಕಳು ಆಕೆಯನ್ನು ದೂರ ಮಾಡಿದರು. ಐವತ್ತು ವರ್ಷದ ಸಂಸಾರ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಆ ಡಿಸೆಂಬರ್‌ನಲ್ಲೇ ಗಂಡ ಹೆಂಡತಿ ಒಡವೆ, ವಾಚುಗಳನ್ನು ಪಾರ್ಸೆಲ್ ಮಾಡಿ ಮನೆಯವರಿಗೆ ಕಳಿಸಿದ್ದರು. ಅದನ್ನೂ ಮಕ್ಕಳ ಕಡೆಯವರೇ ಸರ್ಕಾರಕ್ಕೆ ತಿಳಿಸಿದರು. ಆ ವಸ್ತುಗಳು ಕಳಕೊಂಡವರಿಗೆ ಸೇರಬೇಕಾದವು, ಕಳಿಸಿದ್ದು ತಪ್ಪು. ಮಾರ್ಕ್ ಸತ್ತ ಮೇಲೆ ರೂತ್ ಗಂಡನ ಜೊತೆ ಮಾತು ಬಿಟ್ಟರು.

2009ರ ಜೂನ್‌ನಲ್ಲಿ 150 ವರ್ಷದ ಶಿಕ್ಷೆ ಕೊಡುವಾಗ ನ್ಯಾಯಾಧೀಶ ಡೆನ್ನಿ ಚಿನ್ ಒಂದು ಮಾತು ಹೇಳಿದರು. ಇವನ ಒಳ್ಳೇತನದ ಬಗ್ಗೆ ಮನೆಯವರಿಂದಾಗಲಿ ಸ್ನೇಹಿತರಿಂದಾಗಲಿ ಒಂದು ಪತ್ರವೂ ಬಂದಿಲ್ಲ ಅಂತ. ಒಂದೂ ಇಲ್ಲ. ಅವನಿಗೆ ಇದಕ್ಕಿಂತ ಸರಿಯಾದ ಶಿಕ್ಷೆ ನನಗೆ ತೋಚುವುದಿಲ್ಲ.

ಹಾಗಾದರೆ ಉಂಡು ಉಟ್ಟದ್ದಕ್ಕೆ ಲೆಕ್ಕ ಬೇಡವೇ? ಬೇಕು, ಖಂಡಿತ ಬೇಕು. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಗೊತ್ತಿತ್ತೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ, ಹಣ ವಾಪಸ್ ಕೊಡಬೇಕೋ ಬೇಡವೋ ಅನ್ನುವುದು ಬೇರೆಯದೇ ಪ್ರಶ್ನೆ. ಗೊತ್ತಿಲ್ಲದೆ ತಿಂದಿದ್ದರೂ ಕಳ್ಳ ದುಡ್ಡು ವಾಪಸ್ ಬರಲೇಬೇಕು. ಅಮೆರಿಕದಲ್ಲಿ ಅದನ್ನೇ ಮಾಡಿದರು. ಹಣ ವಸೂಲಿಗೆ ನೇಮಕವಾದ ಇರ್ವಿಂಗ್ ಪಿಕಾರ್ಡ್ ಎಂಬ ವಕೀಲ ಮಕ್ಕಳ ಮೇಲೂ ಸಿವಿಲ್ ದಾವೆ ಹಾಕಿದರು. ಇಬ್ಬರೂ ಸತ್ತ ಮೇಲೂ ಬಿಡಲಿಲ್ಲ. 2017ರಲ್ಲಿ ಅವರ ಆಸ್ತಿಯಿಂದ 2.3 ಕೋಟಿ ಡಾಲರ್ ವಸೂಲಾಯಿತು. ಲಾಭ ಮಾಡಿಕೊಂಡಿದ್ದ ಹೂಡಿಕೆದಾರರಿಂದಲೂ ಸೇರಿ ಒಟ್ಟು 1,400 ಕೋಟಿ ಡಾಲರಿಗೂ ಹೆಚ್ಚು ವಾಪಸ್ ಬಂದಿದೆ. ಕಂಪನಿಯ ನಿಯಮಪಾಲನೆ ನೋಡಿಕೊಳ್ಳಬೇಕಿದ್ದ ಮೇಡಾಫ್‌ನ ತಮ್ಮ ಪೀಟರ್, ಮೋಸ ನಡೆಯುವುದು ತನಗೆ ಗೊತ್ತಿರಲಿಲ್ಲ ಎಂದ. ಆದರೆ ಸುಳ್ಳು ದಾಖಲೆಗಳಿಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದನ್ನು ಒಪ್ಪಿಕೊಂಡ. ಅವನಿಗೆ ಹತ್ತು ವರ್ಷ ಜೈಲಾಯಿತು. ಅದೂ ಸರಿಯೇ.

ಹಣ ವಸೂಲಿ ಮಾಡಿ, ಸಹಿ ಹಾಕಿದವನನ್ನು ಜೈಲಿಗೆ ಕಳಿಸಿ. ಅದಾದ ಮೇಲೂ ಹೆಸರು ಹಿಡಿದು ಮೂದಲಿಸುವುದರಿಂದ ಕಳಕೊಂಡವರ ಕೈಗೆ ಒಂದು ಪೈಸೆಯೂ ಬರುವುದಿಲ್ಲ. ನಮ್ಮ ಲೇಖನದಲ್ಲಿ ಇದ್ದದ್ದು ಈ ಮಾತು.

ಮೇಡಾಫ್‌ಗೆ ಸಾಂಡ್ರಾ ಎಂಬ ಅಕ್ಕ ಇದ್ದರು. ಅವರ ದುಡ್ಡೂ ತಮ್ಮನ ಕಂಪನಿಯಲ್ಲೇ ಹೋಯಿತು. ಒಡಹುಟ್ಟಿದವಳನ್ನೇ ಅವನು ಬಿಡಲಿಲ್ಲ. ಇಂಥ ಸ್ಕೀಮುಗಳು ನಡೆಯುವುದೇ ಹಾಗೆ, ಅಪರಿಚಿತರಿಗಿಂತ ಮೊದಲು ಮನೆಯವರ ಹತ್ತಿರ ಕೈ ಚಾಚುತ್ತವೆ. ನಿಮ್ಮ ನಾದಿನಿ ‘ನನ್ನ ದುಡ್ಡೂ ಹೋಗಿದೆ’ ಅಂದಾಗ ಅದು ನಿಜವೇ ಇರಬಹುದು ಅಲ್ವಾ? ನಂಬಬೇಡಿ, ಪರವಾಗಿಲ್ಲ. ಅವರ ಬಾಂಡ್ ತೋರಿಸಲು ಹೇಳಿ. ಅವರ ಗಂಡ ನಿಮ್ಮಿಂದ ಕಟ್ಟಿಸಿದ್ದಕ್ಕೆ ಎಷ್ಟು ಕಮಿಷನ್ ತೆಗೆದುಕೊಂಡರು ಅಂತ ನೇರವಾಗಿ ಕೇಳಿ. ಅದು ನಿಮ್ಮ ಹಣ, ಅವರು ವಾಪಸ್ ಕೊಡಬೇಕು.

ಮತ್ತೆ, ದಯವಿಟ್ಟು ದೂರು ಕೊಡಿ. ಮಾನ ಹೋಗಬೇಕಾದದ್ದು ಕಂಪನಿ ನಡೆಸಿದವರದ್ದು, ನಿಮ್ಮದಲ್ಲ. ಠೇವಣಿದಾರರ ಹಿತ ಕಾಯಲು ಕರ್ನಾಟಕದಲ್ಲಿ 2004ರ ಕಾಯ್ದೆ ಇದೆ. ಅದರ ಕೆಳಗೆ ಸರ್ಕಾರ ಸಕ್ಷಮ ಪ್ರಾಧಿಕಾರ ನೇಮಿಸಿ ಕಂಪನಿಯ ಆಸ್ತಿ ಜಪ್ತಿ ಮಾಡಬಹುದು. ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿಯ ಪ್ರಕರಣದಲ್ಲಿ ಹಾಗೆ ಮಾಡಿ ಹಣ ಕಳಕೊಂಡವರಿಂದ ಅರ್ಜಿ ತೆಗೆದುಕೊಂಡಿದ್ದರು. ನಿಮ್ಮದು ಬೇರೆ ಕಂಪನಿಯಾದರೂ ಕಾಯ್ದೆ ಅದೇ. ಬಾಂಡ್, ರಸೀದಿ, ಹಣ ಹೋದದ್ದು ಕಾಣುವ ಪಾಸ್‌ಬುಕ್ಕಿನ ಪುಟ ಎಲ್ಲ ಒಂದು ಫೈಲಿನಲ್ಲಿ ಹಾಕಿ, ಜೆರಾಕ್ಸ್ ಮಾಡಿಸಿ ಪೊಲೀಸ್ ಠಾಣೆಗೆ ಹೋಗಿ. ನಾದಿನಿಯ ಹಣ ಹೋಗಿರುವುದು ನಿಜವಾದರೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಹೆಸರಲ್ಲೂ ಒಂದು ದೂರು ಕೊಡಿಸಿ.

— ಸಂ.